ಡಾಕ್ಟರಾದವರಿಗೂ ಪಾಠ ಹೇಳುವ ಡಾಕ್ಟರಮ್ಮ

ಸಂಜೆ ಐದು ಗಂಟೆಯಾಯಿತೆಂದರೆ ನಮ್ಮ ಹಿಂದಿನ ಬೀದಿಯ ಹಂಚಿನ ಮನೆಯೊಂದರ ಮುಂದೆ ಚಪ್ಪಲಿಗಳ ಸಾಲು ಬೀಳುತ್ತದೆ. ಹೊಸಬರು ಯಾರಾದರೂ ನೋಡಿದರೆ ಒಳಗೆ ಭಜನೆಯೋ ಸತ್ಯನಾರಾಯಣ ಪೂಜೆಯೋ ನಡೆದಿರಬೇಕು ಅಂದುಕೊಳ್ಳಬೇಕು. ಇಣುಕಿ ನೋಡಿದರೆ ಚಾಪೆಯ ಮೇಲೆ ಹದಿನೈದು ಜನ ಹುಡುಗ ಹುಡುಗಿಯರು ತಲೆ ತಗ್ಗಿಸಿ ಬರೆಯುತ್ತಾ ಕೂತಿರುತ್ತಾರೆ. ಎಲ್ಲರಿಗೂ ಇಪ್ಪತ್ತೈದು ದಾಟಿದೆ. ಒಬ್ಬನಿಗಂತೂ ಕಿವಿಯ ಬಳಿ ಕೂದಲು ನೆರೆಯುತ್ತಿದೆ. ಇವರೆಲ್ಲ ಯಾರು ಗೊತ್ತೇ? ಡಾಕ್ಟರುಗಳು! ಅಂದರೆ ಡಾಕ್ಟರ್ ಡಿಗ್ರಿ ಪಡೆದವರು. ಆದರೆ ಜ್ವರಕ್ಕೆ ಒಂದು ಮಾತ್ರೆ ಬರೆದುಕೊಡುವ ಅಧಿಕಾರ ಇವರಲ್ಲಿ ಒಬ್ಬರಿಗೂ ಇಲ್ಲ.

ಇದೇನು ವಿಚಿತ್ರ ಅಂತ ನನಗೂ ಅನ್ನಿಸಿತ್ತು, ನಮ್ಮ ಅಕ್ಕನ ಮಗಳು ಆ ಚಾಪೆಯ ಮೇಲೆ ಕೂರುವವರೆಗೆ.

ನಮ್ಮ ದಾವಣಗೆರೆಯಲ್ಲೇ ಎರಡು ಮೆಡಿಕಲ್ ಕಾಲೇಜುಗಳಿವೆ. ಸಂಜೆ ಬಸ್ ಸ್ಟಾಂಡಿನಲ್ಲಿ ಬಿಳಿ ಕೋಟು ಮಡಿಸಿ ಹಿಡಿದ ಮಕ್ಕಳನ್ನು ದಿನಾ ನೋಡುತ್ತೇವೆ. ಆದರೆ ಮನೆ ಮುಂದೆ ಕಾಲೇಜು ಇದ್ದರೇನು, ಒಳಗೆ ಹೋಗುವುದಕ್ಕೆ ರ‍್ಯಾಂಕ್ ಬೇಕು, ಇಲ್ಲಾ ದುಡ್ಡು ಬೇಕು. ನಮ್ಮ ಹುಡುಗಿಗೆ ರ‍್ಯಾಂಕ್ ಸ್ವಲ್ಪದರಲ್ಲಿ ತಪ್ಪಿತು, ದುಡ್ಡು ಬಹಳದರಲ್ಲಿ ತಪ್ಪಿತು! ಆಗ ಒಬ್ಬ ಏಜೆಂಟು ಮನೆಗೆ ಬಂದ. ಬಣ್ಣದ ಚಿತ್ರಗಳಿದ್ದ ಪುಸ್ತಕ ತೋರಿಸಿದ. ಕಿರ್ಗಿಸ್ತಾನ ಅಂದ. ಬಿಷ್ಕೆಕ್ ಅಂದ. "ಇಲ್ಲಿಯ ಒಂದು ವರ್ಷದ ಫೀಜಿನಲ್ಲಿ ಅಲ್ಲಿ ಪೂರ್ತಿ ಕೋರ್ಸೇ ಮುಗೀತದೆ ಅಕ್ಕಾವ್ರೇ" ಅಂದ. ಭಾವ ಎರಡು ಎಕರೆ ಅಡಿಕೆ ತೋಟ ಅಡ ಇಟ್ಟು 2017ರಲ್ಲಿ ಮಗಳನ್ನು ವಿಮಾನ ಹತ್ತಿಸಿದರು. ವಾಪಸು ಬಂದ ಮೇಲೆ ಇಲ್ಲಿ ಮತ್ತೊಂದು ಪರೀಕ್ಷೆ ಕಟ್ಟಬೇಕೆಂದು ಏಜೆಂಟು ಹೇಳಿರಲಿಲ್ಲವೇ ಎಂದರೆ, ಹೇಳಿದ್ದ. ಕಾಫಿ ಲೋಟ ಕೆಳಗಿಡುವಾಗ, "ಒಂದು ಸಣ್ಣ ಸ್ಕ್ರೀನಿಂಗ್ ಟೆಸ್ಟ್ ಇರ್ತದೆ" ಅಂತ.

ಆ ಸಣ್ಣ ಟೆಸ್ಟಿನ ಕಥೆಯನ್ನೇ ಈಗ ಹೇಳುತ್ತೇನೆ.

ಮುನ್ನೂರು ಪ್ರಶ್ನೆ, ನೂರೈವತ್ತು ಅಂಕ

ಹೊರದೇಶದಲ್ಲಿ ವೈದ್ಯಕೀಯ ಓದಿ ಬಂದವರು ನಮ್ಮ ದೇಶದಲ್ಲಿ ರೋಗಿಯನ್ನು ಮುಟ್ಟಬೇಕಾದರೆ ಎಫ್.ಎಂ.ಜಿ.ಇ. ಎಂಬ ಪರೀಕ್ಷೆ ಪಾಸು ಮಾಡಬೇಕು. 2002ರ ಮಾರ್ಚ್ 15ರ ನಂತರ ಬಂದ ಕಟ್ಟಳೆ ಇದು. ದೆಹಲಿಯ ರಾಷ್ಟ್ರೀಯ ಪರೀಕ್ಷಾ ಮಂಡಳಿ ಇದನ್ನು ವರ್ಷಕ್ಕೆ ಎರಡು ಸಲ, ಜೂನ್ ಮತ್ತು ಡಿಸೆಂಬರ್ ಹೆಸರಿನಲ್ಲಿ ನಡೆಸುತ್ತದೆ. ಒಂದೇ ದಿನ, ಕಂಪ್ಯೂಟರಿನ ಮುಂದೆ, ಬೆಳಿಗ್ಗೆ ನೂರೈವತ್ತು ಪ್ರಶ್ನೆ, ಮಧ್ಯಾಹ್ನ ನೂರೈವತ್ತು. ಪ್ರಶ್ನೆಗೆ ಒಂದು ನಿಮಿಷ. ಮುನ್ನೂರಕ್ಕೆ ನೂರೈವತ್ತು ಬಂದರೆ ಪಾಸು, ನೂರನಲವತ್ತೊಂಬತ್ತು ಬಂದರೆ ಫೇಲು. ನಮ್ಮ ಕಾಲದ ಎಸ್ಸೆಸ್ಸೆಲ್ಸಿಗಿಂತ ಇದೇನು ಮಹಾ ಅಂತ ನಾನೂ ಅಂದುಕೊಂಡಿದ್ದೆ. ಆದರೆ ಒಳ್ಳೆಯ ವರ್ಷದಲ್ಲೂ ಬರೆದ ಮೂವರಲ್ಲಿ ಇಬ್ಬರು ಉಳಿದುಬಿಡುತ್ತಾರೆ. 2023ರ ಜೂನ್ ಪರೀಕ್ಷೆಯಲ್ಲಂತೂ ನೂರಕ್ಕೆ ಹತ್ತರಷ್ಟು ಜನ ಮಾತ್ರ ದಾಟಿದರು.

ನಮ್ಮ ಹುಡುಗಿ ಮೊದಲ ಸಲ ತೆಗೆದದ್ದು 121. ಎರಡನೇ ಸಲ 138.

ಸೋತದ್ದು ಒಂದು ನೋವಾದರೆ, ಸೋತಾಗ ಜನ ಆಡುವ ಮಾತು ಇನ್ನೊಂದು. ಬೇರೆ ಯಾವ ಓದಿನಲ್ಲೂ ಇಂಥ ಅಡ್ಡಗೋಡೆಯ ಮೇಲಿನ ದೀಪದ ಸ್ಥಿತಿ ಇಲ್ಲ ನೋಡಿ. ದೇವಸ್ಥಾನಕ್ಕೆ ಹೋದರೆ, "ಡಾಕ್ಟ್ರೇ, ನನ್ನ ಮಂಡಿನೋವಿಗೆ ಏನಾರ ಬರಕೊಡವ್ವಾ" ಅಂತ ಅಜ್ಜಿಯರು ಸುತ್ತುಗಟ್ಟುತ್ತಾರೆ. ಬರೆದುಕೊಟ್ಟರೆ ಕಾನೂನಿನ ಪ್ರಕಾರ ಅಪರಾಧ, ಕೊಡದಿದ್ದರೆ ಜಂಬಗಾತಿ. ನೋಡಲು ಬಂದಿದ್ದ ಒಂದು ಗಂಡಿನ ಕಡೆಯವರು ಉಪ್ಪಿಟ್ಟು ತಿಂದು ಕೈ ತೊಳೆದು, "ಈಗ ಹುಡುಗಿ ಡಾಕ್ಟರೋ ಅಲ್ಲವೋ, ಅದೊಂದು ಹೇಳಿಬಿಡಿ" ಅಂದರು. ಅಕ್ಕ ಅಡುಗೆಮನೆಗೆ ಬಂದು ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಹುಡುಗಿ ಅಳಲಿಲ್ಲ. ಅಂದಿನಿಂದ ಹೊರಗೆ ಬರುವುದನ್ನೇ ಬಿಟ್ಟಳು. ಅದು ಅಳುವುದಕ್ಕಿಂತ ಕೆಟ್ಟದ್ದು.

2024ರ ಆಗಸ್ಟಿನಲ್ಲಿ ನಾನೇ ಕೈ ಹಿಡಿದು ಡಾಕ್ಟರಮ್ಮನ ಮನೆಗೆ ಕರೆದುಕೊಂಡು ಹೋದೆ.

"ಯಾವ ಹಾವು ಹೇಳು"

ಈ ಡಾಕ್ಟರಮ್ಮನ ಹೆಸರು ಹಾಕಬಾರದೆಂದು ಅವರದೇ ಆಜ್ಞೆ. "ಪೇಪರಿನಲ್ಲಿ ಹೆಸರು ಬಂದರೆ ನಾಳೆ ಐವತ್ತು ಜನ ಬರ್ತಾರೆ, ನನ್ನ ಹತ್ರ ಇರೋದು ಮೂರೇ ಚಾಪೆ" ಅಂದರು. ಸರ್ಕಾರಿ ಕೆಲಸದಲ್ಲಿ ಮೂವತ್ತೊಂದು ವರ್ಷ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಚನ್ನಗಿರಿ ಕಡೆಯ ಹಳ್ಳಿಗಳ ಆರೋಗ್ಯ ಕೇಂದ್ರಗಳಲ್ಲಿ ಕಳೆದವರು. ಈಗ ಅರವತ್ತೆಂಟು. ನೂಲಿನ ಸೀರೆ, ಕೈಯಲ್ಲಿ ಹಳೆಯ ವಾಚು, ಮಾತು ಸ್ವಲ್ಪ ಬಿರುಸು. ನಿವೃತ್ತಿಯ ಮೇಲೆ ಒಮ್ಮೆ ಔಷಧಿ ಅಂಗಡಿಗೆ ಹೋದಾಗ ಮಾತ್ರೆ ಎಣಿಸಿಕೊಟ್ಟ ಹುಡುಗ, "ಮೇಡಂ, ಇದನ್ನೂ ಅದನ್ನೂ ಜೊತೆಗೆ ತಗೋಬಾರದಲ್ವಾ" ಎಂದನಂತೆ. ನಿನಗೆ ಹೇಗೆ ಗೊತ್ತು ಅಂದರೆ, ಚೀನಾದಲ್ಲಿ ಡಾಕ್ಟರಿ ಓದಿ ಬಂದವನು, ಐದು ಸಲ ಫೇಲಾದವನು. ಅವನ ತಂದೆ ಎ.ಪಿ.ಎಂ.ಸಿ.ಯಲ್ಲಿ ಹಮಾಲಿ. ಮರುದಿನದಿಂದ ಅವನನ್ನು ಮನೆಗೆ ಕರೆಸಿಕೊಂಡರು. ಶುರುವಾದದ್ದು ಹಾಗೆ.

ತಿಂಗಳಿಗೆ ಸಾವಿರ ರೂಪಾಯಿ ತೆಗೆದುಕೊಳ್ಳುತ್ತಾರೆ. ಯಾಕೆ ಅಂತ ಕೇಳಿದೆ. "ಬಿಟ್ಟಿ ಅಂದ್ರೆ ಮಳೆ ಬಂದ ದಿನ ಬರೋದಿಲ್ಲ ಕಣ್ರೀ" ಅಂದರು.

ಮೊದಲ ದಿನ ನಾನೂ ಗೋಡೆಗೊರಗಿ ಕೂತಿದ್ದೆ. ಹುಡುಗಿ ತಂದಿದ್ದ ದಪ್ಪ ಪುಸ್ತಕಗಳನ್ನು ಅವರು ಮುಟ್ಟಲೂ ಇಲ್ಲ. "ಏನವ್ವಾ, ಒಬ್ಬ ಹೆಂಗಸು. ರಾತ್ರಿ ನೆಲದ ಮೇಲೆ ಮಲಗಿದ್ದಳು. ಬೆಳಗಿನ ಜಾವ ಹೊಟ್ಟೆನೋವು ಅಂತ ಎದ್ದಳು. ಆಸ್ಪತ್ರೆಗೆ ತರುವ ಹೊತ್ತಿಗೆ ಕಣ್ಣು ಬಿಡೋಕೆ ಆಗ್ತಿಲ್ಲ, ರೆಪ್ಪೆ ಇಳಿಬಿದ್ದಿದೆ. ಮಾತು ತೊದಲುತ್ತಿದೆ. ಮೈಮೇಲೆ ಗಾಯ ಇಲ್ಲ, ಬಾವು ಇಲ್ಲ. ಏನು?" ಹುಡುಗಿ ಏನೇನೋ ಇಂಗ್ಲಿಷ್ ಹೆಸರು ಹೇಳಿದಳು. ಡಾಕ್ಟರಮ್ಮ ತಲೆಯಾಡಿಸುತ್ತಲೇ ಇದ್ದರು. ಹಿಂದೆ ಕೂತಿದ್ದ ನೆರೆಗೂದಲಿನ ಹುಡುಗ ಮೆಲ್ಲಗೆ, "ಹಾವು" ಅಂದ.

"ಯಾವ ಹಾವು ಹೇಳು."

"ಕಟ್ಟು ಹಾವು ಮೇಡಂ."

ನಾಗರ, ಕೊಳಕುಮಂಡಲ ಕಚ್ಚಿದರೆ ಉರಿ, ಬಾವು ಬರುತ್ತದೆ. ಕಟ್ಟು ಹಾವು ರಾತ್ರಿ ನಿದ್ದೆಯಲ್ಲಿ ಕಚ್ಚಿದರೆ ಎಷ್ಟೋ ಸಲ ಗೊತ್ತೇ ಆಗುವುದಿಲ್ಲ, ಗುರುತೂ ಕಾಣುವುದಿಲ್ಲ. ಹೊಟ್ಟೆನೋವೆಂದು ಜೀರಿಗೆ ಕಷಾಯ ಕುಡಿಸುತ್ತಾ ಕೂತರೆ ಉಸಿರಾಟದ ಸ್ನಾಯುಗಳು ಸೋತು ಪ್ರಾಣವೇ ಹೋಗುತ್ತದೆ. ಬೇಕಾದದ್ದು ವಿಷನಿರೋಧಕ ಚುಚ್ಚುಮದ್ದು, ಉಸಿರಿಗೆ ಆಸರೆ. ಚನ್ನಗಿರಿ ಕಡೆ ತಾವು ಕೆಲಸಕ್ಕೆ ಸೇರಿದ ಮೊದಲ ಮಳೆಗಾಲದಲ್ಲಿ ಇಂಥ ಒಬ್ಬ ಹೆಂಗಸನ್ನು ಹೊಟ್ಟೆನೋವಿನ ಮದ್ದು ಕೊಟ್ಟು ವಾಪಸು ಕಳಿಸಿದ್ದನ್ನು ಡಾಕ್ಟರಮ್ಮ ಎಲ್ಲರೆದುರು ಹೇಳಿದರು. ಆಕೆ ಮಧ್ಯಾಹ್ನ ತೀರಿಹೋದಳಂತೆ. "ನನಗೆ ಆಗ ಡಿಗ್ರಿ ಇತ್ತು, ರಿಜಿಸ್ಟ್ರೇಷನ್ನೂ ಇತ್ತು" ಅಂದರು, ಅಷ್ಟೇ. ಆ ದಿನ ಮತ್ತೆ ಯಾರೂ ಆಕಳಿಸಲಿಲ್ಲ.

ಹೊರದೇಶದಲ್ಲಿ ಓದಿದ ಮಕ್ಕಳು ಎಡವುವುದು ಇಲ್ಲೇ ಎಂಬುದು ಅವರ ಅಭಿಪ್ರಾಯ. ಮಕ್ಕಳು ದಡ್ಡರಲ್ಲ. ಪಾಠ ಇಂಗ್ಲಿಷಿನಲ್ಲಿ, ರೋಗಿ ಮಾತಾಡುವುದು ರಷ್ಯನ್ ಭಾಷೆಯಲ್ಲೋ ಕಿರ್ಗಿಜ್ ಭಾಷೆಯಲ್ಲೋ. ಹೀಗಾಗಿ ವಾರ್ಡಿನಲ್ಲಿ ಸುಮ್ಮನೆ ಕೈ ಕಟ್ಟಿ ನಿಂತದ್ದೇ ಹೆಚ್ಚು. ಹಿಮ ಬೀಳುವ ಊರಿನಲ್ಲಿ ಗದ್ದೆಗೆ ಹೊಡೆಯುವ ಔಷಧಿ ಕುಡಿದು ಬಂದ ರೋಗಿಯನ್ನು ನೋಡಿರುವುದಿಲ್ಲ. ಸಾಸಿವೆಯಷ್ಟಾದ ಕಣ್ಣಿನ ಪಾಪೆ, ಬಾಯಿಯ ನೊರೆ, ಅಟ್ರೋಪಿನ್ ಕೊಡುತ್ತಾ ಕೊಡುತ್ತಾ ಎದೆಯ ಗುರುಗುರು ನಿಲ್ಲುವವರೆಗೆ ಕಾಯುವುದು, ಇದನ್ನೆಲ್ಲ ಪುಸ್ತಕದಲ್ಲಿ ಮಾತ್ರ ಓದಿರುತ್ತಾರೆ. ಮಂಗನ ಕಾಯಿಲೆ ನಮ್ಮ ಪಕ್ಕದ ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದದ್ದು, ಉಣ್ಣೆಯಿಂದ ಹರಡುವುದು. ಅದರ ಹೆಸರು ಶಿವಮೊಗ್ಗದ ಹುಡುಗನಿಗೇ ಗೊತ್ತಿರಲಿಲ್ಲ! ಸಾಲದ್ದಕ್ಕೆ ಕೊರೋನಾ ಬಂದ 2020, 21ರಲ್ಲಿ ಎಷ್ಟೋ ಮಕ್ಕಳು ಮನೆಯ ಅಟ್ಟದ ಮೇಲೆ ಕೂತು ಫೋನಿನಲ್ಲೇ ಪಾಠ ಕೇಳಿದರು. ನಮ್ಮ ಹುಡುಗಿಯೂ ಹಾಗೆಯೇ. ಹೆರಿಗೆ ಹೇಗೆ ಮಾಡಿಸುವುದೆಂದು ಫೋನಿನಲ್ಲಿ ನೋಡಿ ಕಲಿತದ್ದು ಅಂದರೆ ನಮ್ಮ ಅತ್ತೆ ನಂಬುವುದೇ ಇಲ್ಲ.

ತಾಯಿ ಕಾರ್ಡೇ ಪಠ್ಯಪುಸ್ತಕ

ಮುನ್ನೂರರಲ್ಲಿ ಮೂವತ್ತು ಅಂಕ ಸಮುದಾಯ ವೈದ್ಯಶಾಸ್ತ್ರಕ್ಕೆ, ಮೂವತ್ತು ಹೆರಿಗೆ ಮತ್ತು ಸ್ತ್ರೀರೋಗಕ್ಕೆ. ಮಕ್ಕಳ ಕಾಯಿಲೆಗೆ ಹದಿನೈದು. "ಈ ಎಪ್ಪತ್ತೈದು ಅಂಕ ನಮ್ಮ ಆಶಾ ಕಾರ್ಯಕರ್ತೆಯರ ಚೀಲದಲ್ಲಿದೆ, ಹೋಗಿ ಹುಡುಕಿ" ಅನ್ನುತ್ತಾರೆ ಡಾಕ್ಟರಮ್ಮ. ಅವರ ಮನೆಗೆಲಸದಾಕೆಯ ಮೊಮ್ಮಗುವಿನ ತಾಯಿ ಕಾರ್ಡನ್ನು ಚಾಪೆಯ ಮೇಲೆ ಹರಡಿ, ಅದನ್ನೇ ಓದಿಸುತ್ತಾರೆ. ಹುಟ್ಟಿದಾಗ ಬಿ.ಸಿ.ಜಿ. ಯಾವ ತೋಳಿಗೆ? ಎಡಕ್ಕೆ. ಆರು, ಹತ್ತು, ಹದಿನಾಲ್ಕು ವಾರಕ್ಕೆ ಏನು? ಒಂಬತ್ತು ತಿಂಗಳು ತುಂಬಿದ ಮೇಲೆ ದಡಾರ ರುಬೆಲ್ಲಾ ಲಸಿಕೆ, ಜೊತೆಗೆ ಯಾವ ವಿಟಮಿನ್? ಮನೆಗೆಲಸದಾಕೆಗೆ ಇದೆಲ್ಲ ಬಾಯಿಪಾಠ. ಡಾಕ್ಟರುಗಳು ತಡವರಿಸಿದಾಗ ಅವಳು ಕಸಬರಿಕೆ ಹಿಡಿದೇ ಬಾಗಿಲಲ್ಲಿ ನಿಂತು ನಗುತ್ತಾಳೆ.

ನನಗೆ ಅಲ್ಲಿ ಕೂತು ಬಂದ ಲಾಭವೂ ಕಡಿಮೆಯಲ್ಲ. ಬಸುರಿಗೆ ರಕ್ತದಲ್ಲಿ ಹಿಮೋಗ್ಲೋಬಿನ್ ಹನ್ನೊಂದಕ್ಕಿಂತ ಕೆಳಗಿದ್ದರೆ ರಕ್ತಹೀನತೆ, ಏಳಕ್ಕಿಂತ ಕೆಳಗಿದ್ದರೆ ಅಪಾಯ ಎಂಬುದು ಗೊತ್ತಾಯಿತು. ಕಬ್ಬಿಣದ ಮಾತ್ರೆಯನ್ನು ಟೀ ಜೊತೆ ನುಂಗಿದರೆ ಮೈಗೆ ಹತ್ತುವುದಿಲ್ಲ, ನಿಂಬೆ ಪಾನಕದ ಜೊತೆ ಆದರೆ ಚೆನ್ನಾಗಿ ಹತ್ತುತ್ತದೆ ಎಂಬುದೂ ಗೊತ್ತಾಯಿತು. ನಾನು ಎರಡು ಬಸಿರಿನಲ್ಲೂ ಆ ಮಾತ್ರೆಯನ್ನು ಬೆಳಗಿನ ಟೀಯಲ್ಲೇ ನುಂಗಿದವಳು!

ಭೇದಿಯಾದ ಮಗುವಿಗೆ ಕೊಡುವ ಓ.ಆರ್.ಎಸ್. ಪೊಟ್ಟಣದ ಪಾಠವನ್ನು ಅವರು ಅಡುಗೆಮನೆಯಲ್ಲೇ ಮಾಡಿದರು. ಒಂದು ಲೀಟರಿನ ಪೊಟ್ಟಣದಲ್ಲಿ ಉಪ್ಪು 2.6 ಗ್ರಾಂ, ಗ್ಲೂಕೋಸ್ 13.5, ಪೊಟ್ಯಾಸಿಯಂ ಕ್ಲೋರೈಡ್ 1.5, ಸಿಟ್ರೇಟ್ 2.9. ಒಟ್ಟು 20.5. ಗ್ಲೂಕೋಸ್ ಯಾಕೆ, ರುಚಿಗೇ? ಅಲ್ಲ. ಸಕ್ಕರೆ ಕೈ ಹಿಡಿದರೇನೇ ಉಪ್ಪು ಕರುಳಿನಿಂದ ಒಳಗೆ ಹೋಗುವುದು, ಉಪ್ಪಿನ ಹಿಂದೆ ನೀರು. ಪೊಟ್ಟಣ ಸಿಗದಿದ್ದರೆ ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಟೀ ಚಮಚದಲ್ಲಿ ಆರು ಮಟ್ಟಸ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಗೋಪುರ ಮಾಡಿ ತುಂಬಬಾರದು. ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ. ಇದನ್ನು ಕತ್ತರಿಸಿ ನಿಮ್ಮ ಅಡುಗೆಮನೆಯ ಗೋಡೆಗೆ ಅಂಟಿಸಿಕೊಂಡರೂ ಸರಿಯೇ.

ಇನ್ನು ಭಾನುವಾರದ ಅಭ್ಯಾಸ. ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲು ಹಾಕಿ ನೂರೈವತ್ತು ಪ್ರಶ್ನೆ, ನೂರೈವತ್ತು ನಿಮಿಷ. ಮಧ್ಯಾಹ್ನ ಎರಡಕ್ಕೆ ಮತ್ತೆ ಅಷ್ಟೇ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ ಒಂದನ್ನೂ ಖಾಲಿ ಬಿಡುವ ಹಾಗಿಲ್ಲ. ಸಂಜೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿನ್ನುತ್ತಾ ತಪ್ಪುಗಳ ವಿಚಾರಣೆ. ಪ್ರತಿಯೊಬ್ಬರ ಹತ್ತಿರವೂ ಒಂದು "ತಪ್ಪಿನ ಪುಸ್ತಕ" ಇದೆ. ಅದರಲ್ಲಿ ಸರಿ ಉತ್ತರ ಬರೆಯುವಂತಿಲ್ಲ. ತಾನು ಯಾಕೆ ತಪ್ಪಿದೆ ಅಂತ ಬರೆಯಬೇಕು. ಗೊತ್ತಿರಲಿಲ್ಲವೋ, ಗೊತ್ತಿದ್ದೂ ಪ್ರಶ್ನೆಯ ಕೊನೆಯ "ಅಲ್ಲ" ಓದಲಿಲ್ಲವೋ, ಸರಿಯಾದದ್ದನ್ನು ಬರೆದು ಹೆದರಿ ಬದಲಾಯಿಸಿದೆನೋ. ನಮ್ಮ ಹುಡುಗಿಯ ಪುಸ್ತಕದಲ್ಲಿ ಮೊದಲ ಎರಡು ತಿಂಗಳು ಪುಟಗಟ್ಟಲೆ ಒಂದೇ ಮಾತು ಇತ್ತು. "ಹೆದರಿ ಬದಲಾಯಿಸಿದೆ. ಹೆದರಿ ಬದಲಾಯಿಸಿದೆ."

ಮೂರು ಅಂಕ

2025ರ ಜನವರಿ 12ರಂದು ಮೂರನೇ ಸಲ ಬರೆದಳು. ನಾನೇ ಬೆಂಗಳೂರಿಗೆ ಜೊತೆಗೆ ಹೋಗಿದ್ದೆ. ಬಾಗಿಲಲ್ಲಿ ಓಲೆ, ಬಳೆ, ಮೂಗುಬೊಟ್ಟು ಎಲ್ಲ ಬಿಚ್ಚಿಸುತ್ತಾರೆ. ಅವಳ ಮೂಗುಬೊಟ್ಟಿನ ತಿರುಪು ಬಿಗಿಯಾಗಿ ಕೂತು ಬಿಟ್ಟಿತ್ತು. ರಸ್ತೆ ಬದಿ ನಿಂತು, ಕೊಬ್ಬರಿ ಎಣ್ಣೆ ತರಿಸಿ ಬಿಚ್ಚುವಷ್ಟರಲ್ಲಿ ಅವಳ ಕೈ ನಡುಗುತ್ತಿತ್ತು. (ಹೆಣ್ಣುಮಕ್ಕಳನ್ನು ಕರೆದೊಯ್ಯುವವರು ಇದನ್ನೆಲ್ಲ ಹಿಂದಿನ ರಾತ್ರಿಯೇ ಬಿಚ್ಚಿಸಿಡಿ.) ಫಲಿತಾಂಶ ಬಂತು. 147.

ಅದೇ ವಾರ ತಾಲ್ಲೂಕು ಊರಿನ ಒಂದು ನರ್ಸಿಂಗ್ ಹೋಮಿನಿಂದ ಕರೆ ಬಂತು. ರಾತ್ರಿ ಪಾಳಿಗೆ ಡಾಕ್ಟರ್ ಬೇಕು, ತಿಂಗಳಿಗೆ ಮೂವತ್ತು ಸಾವಿರ, ರಿಜಿಸ್ಟ್ರೇಷನ್ ಇಲ್ಲದಿದ್ದರೂ ಪರವಾಗಿಲ್ಲ, ದೊಡ್ಡ ಡಾಕ್ಟರ ಸಹಿ ಮಾಡಿದ ಹಾಳೆಗಳು ಇರುತ್ತವೆ ಅಂತ. ತೋಟದ ಬಡ್ಡಿ ಬೆಳೆಯುತ್ತಿತ್ತು. ಭಾವ ಏನೂ ಮಾತಾಡಲಿಲ್ಲ. ಆ ಮೌನಕ್ಕೆ ಏನರ್ಥ ಅಂತ ಮನೆಯವರಿಗೆಲ್ಲ ಗೊತ್ತಿತ್ತು. ನಾನೂ ಸುಳ್ಳು ಹೇಳುವುದಿಲ್ಲ, ನನ್ನ ಮನಸ್ಸೂ "ಹೋಗಲಿ ಬಿಡು, ಆರು ತಿಂಗಳ ಮಾತು" ಅಂದಿತ್ತು.

ಹುಡುಗಿ ಡಾಕ್ಟರಮ್ಮನಿಗೆ ಹೇಳಿದಳು. ಅವರು ಬೈಯುತ್ತಾರೆಂದು ನಾನು ಕಾಯುತ್ತಿದ್ದೆ. ಬೈಯಲಿಲ್ಲ. "ರಾತ್ರಿ ಎರಡು ಗಂಟೆಗೆ ಬಾಣಂತಿಗೆ ರಕ್ತ ಹರೀತಿದೆ. ದೊಡ್ಡ ಡಾಕ್ಟರು ಫೋನ್ ಎತ್ತಲಿಲ್ಲ. ಖಾಲಿ ಹಾಳೆ ಮೇಲೆ ಸಹಿ ಇದೆ. ಏನು ಮಾಡ್ತೀ?" ಅಂದರು. ಹುಡುಗಿ ಮದ್ದಿನ ಹೆಸರು ಹೇಳಿದಳು, ಪ್ರಮಾಣ ಹೇಳಿದಳು, ಸರಿಯಾಗಿಯೇ ಹೇಳಿದಳು. "ಸರಿ. ಆದರೂ ಅವಳು ಉಳೀಲಿಲ್ಲ. ಹೊರಗೆ ಗಂಡ ನಿಂತಿದ್ದಾನೆ. ನೀನು ಯಾರು ಅಂತ ಹೇಳ್ತೀ ಅವನಿಗೆ?" ಹುಡುಗಿ ಆ ಕೆಲಸಕ್ಕೆ ಹೋಗಲಿಲ್ಲ. ಭಾವ ಮೂರು ದಿನ ಊಟಕ್ಕೆ ಜೊತೆಗೆ ಕೂರಲಿಲ್ಲ.

ಡಾಕ್ಟರಮ್ಮನ ಎಲ್ಲ ಮಾತೂ ನನಗೆ ಒಪ್ಪಿಗೆ ಅಂತೇನಿಲ್ಲ. ಆ ನೆರೆಗೂದಲಿನ ಹುಡುಗ ಏಳು ಸಲ ಬರೆದವನು. ಅವನ ತಂದೆಯನ್ನು ಕರೆಸಿ ಎಲ್ಲರಿಗೂ ಕೇಳುವ ಹಾಗೆ, "ಇನ್ನೊಂದೇ ಸಲ. ಆಮೇಲೆ ಬೇರೆ ಕೆಲಸ ನೋಡಿಕೊಳ್ಳಲಿ, ನೀವು ಸಾಲ ಮಾಡೋದು ನಿಲ್ಲಿಸಿ" ಅಂದುಬಿಟ್ಟರು. ಕಟ್ಟು ಹಾವು ಅಂತ ಹೇಳಿದವನು ಅವನೇ ಅಲ್ಲವೇ? ಆ ಮುದುಕ ಟವೆಲಿನಲ್ಲಿ ಮುಖ ಒರೆಸಿಕೊಂಡು ಹೋದದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಒಳಗೆ ಕರೆದು ಹೇಳಬಹುದಿತ್ತು. ಅವರಿಗೇ ಹೀಗೆಂದು ಹೇಳಿದೆ ಕೂಡ. "ಹೇಳಬಹುದಿತ್ತು" ಅಂದರು, ಬೇರೆ ಸಮಜಾಯಿಷಿ ಕೊಡಲಿಲ್ಲ. ಹುಡುಗ ಎಂಟನೇ ಸಲವೂ ಪಾಸಾಗಲಿಲ್ಲ. ಈಗ ಆಸ್ಪತ್ರೆಯೊಂದರ ವಿಮೆ ಕಾಗದಪತ್ರ ನೋಡುವ ಕೆಲಸದಲ್ಲಿದ್ದಾನೆ. ಸಂಜೆ ಆದರೆ ಚಾಪೆಗೆ ಬರುತ್ತಾನೆ, ಕಿರಿಯರಿಗೆ ಹೇಳಿಕೊಡುತ್ತಾನೆ.

ಕಳಿಸುವ ಮುಂಚೆ ಕೇಳಿ

ಮಗನನ್ನೋ ಮಗಳನ್ನೋ ಹೊರದೇಶಕ್ಕೆ ಕಳಿಸಬೇಕೆಂದಿರುವ ತಾಯಂದಿರು ಈ ವಿಷಯಗಳನ್ನು ತಿಳಿದಿರಬೇಕು. 2018ರಿಂದ ಹೊರದೇಶದಲ್ಲಿ ಓದಲೂ ನೀಟ್ ಪಾಸಾಗಿರಬೇಕು. 2021ರ ನವೆಂಬರಿನಲ್ಲಿ ಬಂದ ನಿಯಮದ ಪ್ರಕಾರ ಕೋರ್ಸು ಕನಿಷ್ಠ ಐವತ್ತನಾಲ್ಕು ತಿಂಗಳಿನದಾಗಿರಬೇಕು, ಇಂಗ್ಲಿಷ್ ಮಾಧ್ಯಮದಲ್ಲಿರಬೇಕು, ಅದೇ ಸಂಸ್ಥೆಯಲ್ಲಿ ಹನ್ನೆರಡು ತಿಂಗಳ ಇಂಟರ್ನ್‌ಶಿಪ್ ಆಗಿರಬೇಕು. ಮುಖ್ಯವಾಗಿ, ಆ ಡಿಗ್ರಿಯಿಂದ ಆ ದೇಶದಲ್ಲೇ ವೈದ್ಯವೃತ್ತಿ ಮಾಡಲು ಪರವಾನಗಿ ಸಿಗುವಂತಿರಬೇಕು. ಸೇರಿದ ದಿನದಿಂದ ಹತ್ತು ವರ್ಷದೊಳಗೆ ಎಲ್ಲ ಮುಗಿಯಬೇಕು. ಇಲ್ಲಿಗೆ ಬಂದ ಮೇಲೆ ಪರೀಕ್ಷೆ, ಮತ್ತೆ ಇಲ್ಲೊಂದು ವರ್ಷದ ಇಂಟರ್ನ್‌ಶಿಪ್. ಎಲ್ಲರಿಗೂ ಒಂದೇ ನೆಕ್ಸ್ಟ್ ಪರೀಕ್ಷೆ ಎಂದು 2019ರ ಕಾನೂನಿನಲ್ಲಿ ಬರೆದು ಮುಂದಕ್ಕೆ ಹಾಕುತ್ತಾ ಬಂದಿದ್ದಾರೆ, ಅದರ ಮೇಲೂ ಒಂದು ಕಣ್ಣಿರಲಿ. ಏಜೆಂಟು ಇದಕ್ಕೆಲ್ಲ ಬಾಯಿಮಾತಿನಲ್ಲಿ ಹೂಂ ಅಂದರೆ ಸಾಲದು, ಬರೆಹದಲ್ಲಿ ಕೇಳಿ.

2022ರ ಮಾರ್ಚ್ 1ರಂದು ನಮ್ಮ ಪಕ್ಕದ ಹಾವೇರಿ ಜಿಲ್ಲೆಯ ವಿದ್ಯಾರ್ಥಿಯೊಬ್ಬ ಉಕ್ರೇನಿನ ಖಾರ್ಕಿವ್‌ನಲ್ಲಿ ಯುದ್ಧಕ್ಕೆ ಬಲಿಯಾದಾಗ ನಾವೆಲ್ಲ ಟಿ.ವಿ. ಮುಂದೆ ಕಣ್ಣೀರು ಹಾಕಿದೆವು. ಅಷ್ಟು ದೂರ ಮಕ್ಕಳು ಯಾಕೆ ಹೋಗುತ್ತಾರೆ ಅಂತ ಆಗ ಎಲ್ಲರೂ ಕೇಳಿದರು. ವಾಪಸು ಬಂದವರ ಗತಿ ಏನು ಅಂತ ಕೇಳಿದವರು ಕಡಿಮೆ.

ನಮ್ಮ ಹುಡುಗಿ 2025ರ ಜುಲೈ 26ರಂದು ನಾಲ್ಕನೇ ಸಲ ಬರೆದಳು. ಹಿಂದಿನ ರಾತ್ರಿಯೇ ಮೂಗುಬೊಟ್ಟು ಬಿಚ್ಚಿಟ್ಟಿದ್ದಳು. ಆಗಸ್ಟಿನಲ್ಲಿ ಫಲಿತಾಂಶ ನೋಡಿದ್ದು ಭಾವ, ತೋಟದಲ್ಲಿ ನಿಂತು, ಫೋನಿನಲ್ಲಿ. 163. ಅವರು ಮನೆಗೆ ಬರುವವರೆಗೂ ಯಾರಿಗೂ ಹೇಳಲಿಲ್ಲ. ಬಂದವರು ಕಾಲು ತೊಳೆದು, ತಟ್ಟೆ ಹಾಕಿಕೊಂಡು, ಮಗಳನ್ನು ಊಟಕ್ಕೆ ಕರೆದರು. ಅಕ್ಕ ಆಮೇಲೆ ನನಗೆ ಫೋನು ಮಾಡಿ ಹೇಳಿದ್ದು ಅಷ್ಟೇ, ಮುಂದಕ್ಕೆ ಮಾತೇ ಹೊರಡಲಿಲ್ಲ ಅವಳಿಗೆ.

ಕರ್ನಾಟಕ ವೈದ್ಯಕೀಯ ಪರಿಷತ್ತಿನ ತಾತ್ಕಾಲಿಕ ನೋಂದಣಿಯಾಗಿ ಈಗ ಇಂಟರ್ನ್‌ಶಿಪ್ ಮಾಡುತ್ತಿದ್ದಾಳೆ. ಮಕ್ಕಳ ವಾರ್ಡಿಗೆ ಹಾಕಿದ ಮೊದಲ ದಿನ ರಾತ್ರಿ ಡಾಕ್ಟರಮ್ಮನಿಗೆ ಫೋನ್ ಮಾಡಿದಳು. ನಾನು ಅಲ್ಲೇ ಇದ್ದೆ, ಸಾರಿನ ಪುಡಿ ಕೊಡಲು ಹೋಗಿದ್ದವಳು.

"ಮೇಡಂ, ಇವತ್ತು ನನ್ನ ಕೈಯಲ್ಲೇ ಚೀಟಿ ಬರೆದೆ. ದೊಡ್ಡ ಡಾಕ್ಟರು ನೋಡಿ ಸರಿ ಅಂದರು."

"ಏನು ಬರೆದೆ?"

"ಭೇದಿ ಮೇಡಂ. ಓ.ಆರ್.ಎಸ್., ಜಿಂಕ್."

"ಮಗೂಗೆ ಎಷ್ಟು ತಿಂಗಳು?"

"ಎಂಟು."

"ಜಿಂಕ್ ಎಷ್ಟು?"

"ಇಪ್ಪತ್ತು ಮಿಲಿಗ್ರಾಂ, ಹದಿನಾಲ್ಕು ದಿನ."

"ಪೊಟ್ಟಣ ಹೇಗೆ ಕಲಸಬೇಕು ಅಂತ ತಾಯಿಗೆ ತೋರಿಸಿದ್ಯಾ?"

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ.

"ಹೋಗು, ಈಗಲೇ ಹೋಗಿ ತೋರಿಸಿ ಬಾ" ಎಂದು ಡಾಕ್ಟರಮ್ಮ ಫೋನ್ ಇಟ್ಟರು.